ಗೋಡೆ ನೋಡುವ ನಡಿಗೆ: ದುಡ್ಡಿಗೆ ಮೋಸವಿಲ್ಲ, ಪ್ರತಿಭಟನೆ ಮಾತ್ರ ಸ್ವಲ್ಪ ಕಡಿಮೆ

ಮುಂಬೈಯ ಬೀದಿ ಗೋಡೆಗಳ ಚಿತ್ರ ತೋರಿಸುವ ನಡಿಗೆಯೊಂದಕ್ಕೆ ಹೋಗಿದ್ದೆ, ನನ್ನ ಅಂಕ ಐದಕ್ಕೆ ಮೂರೂವರೆ. ಮೊದಲೇ ಹೇಳಿಬಿಡುತ್ತೇನೆ, ಓದೋಕೆ ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಹೋಗಬಹುದಾ ಅಂದರೆ ಹೋಗಬಹುದು. ಮಕ್ಕಳನ್ನ ಕರ್ಕೊಂಡು ಹೋಗಬಹುದಾ ಅಂದರೆ, ಹತ್ತು ವರ್ಷ ದಾಟಿದವರಾದರೆ ಸರಿ, ಸಣ್ಣವರಾದರೆ ಬೇಡ, ಅರ್ಧ ದಾರಿಯಲ್ಲೇ ಎತ್ಕೋ ಅಂತಾವೆ.

ಮುಂಬೈಯಲ್ಲಿ ಈಗ ಎಲ್ಲದಕ್ಕೂ ನಡಿಗೆ ಇದೆ. ಹಳೇ ಕಟ್ಟಡದ ನಡಿಗೆ, ತಿಂಡಿ ನಡಿಗೆ, ಮಳೆಗಾಲದ ನಡಿಗೆ. ಬೀದಿ ಗೋಡೆಗಳ ಮೇಲಿನ ಚಿತ್ರ ತೋರಿಸುವ ನಡಿಗೆಯನ್ನೂ ನಾಲ್ಕಾರು ತಂಡಗಳು ಮಾಡುತ್ತವೆ. ನಾನು ಹೋದದ್ದು ಅಂಥ ಒಂದು ಸಣ್ಣ ತಂಡದ ಜೊತೆ. ಹೆಸರು ಬರೆಯುವುದಿಲ್ಲ. ಹುಡುಗರು ಕಷ್ಟಪಟ್ಟು ನಡೆಸುತ್ತಿದ್ದಾರೆ, ಮತ್ತೆ ನಾನು ಹೇಳುವ ದೂರು ಅವರೊಬ್ಬರದ್ದೇ ಅಲ್ಲ ಅನ್ನೋದು ಬೇರೆ ಗೆಳೆಯರ ಮಾತಿನಿಂದ ಗೊತ್ತಾಗಿದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು 'ಪ್ರತಿಭಟನೆಯ ಗೋಡೆಗಳು'. ಸಮಾಜ, ಪರಿಸರ, ಬೀದಿಕಲೆ, ಎಲ್ಲ ಸೇರಿಸಿ ತಲೆಗೆ ಸಾವಿರದ ಮೇಲೆ ಚಿಲ್ಲರೆ. ಬೆಳಿಗ್ಗೆ ಆರೂವರೆಗೆ ಕೊಲಾಬಾದ ಸಸೂನ್ ಡಾಕ್‌ನಲ್ಲಿ ಶುರು, ಅಲ್ಲಿಂದ ಚರ್ಚ್‌ಗೇಟ್, ಲೋಕಲ್ ಹತ್ತಿ ಮಾಹಿಮ್, ಕೊನೆಗೆ ಬಾಂದ್ರಾ. ಸುಮಾರು ಅರ್ಧ ದಿನದ ಕೆಲಸ.

ಗೈಡ್ ಆಗಿ ಬಂದ ಹುಡುಗಿ ಬಗ್ಗೆ ಒಂದೇ ಒಂದು ದೂರಿಲ್ಲ. ಆರ್ಟ್ ಸ್ಕೂಲಿನಲ್ಲಿ ಓದಿದವಳು, ತಾನೂ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿದವಳು. ಗೊತ್ತಿದ್ದದ್ದನ್ನು ಗೊತ್ತು ಅಂತಾಳೆ, ಗೊತ್ತಿಲ್ಲದ್ದನ್ನು ನೋಡಿ ಹೇಳ್ತೀನಿ ಅಂತಾಳೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಜಾರುತ್ತಾ ಹೋಗುತ್ತಾಳೆ, ಯಾರಿಗೂ ಬೇಜಾರಾಗದ ಹಾಗೆ.

ಸಸೂನ್ ಡಾಕ್‌ನಿಂದ ಶುರು ಮಾಡಿದ್ದು ಒಳ್ಳೆಯದಾಯಿತು. ಮುಂಬೈಗೆ ಬಂದು ಎಷ್ಟೋ ವರ್ಷವಾದ ನಮ್ಮವರೂ ಆ ಕಡೆ ತಲೆ ಹಾಕಿರುವುದಿಲ್ಲ. ಮೀನಿನ ವಾಸನೆ ಅಂತ ಮೂಗು ಮುಚ್ಚಿಕೊಳ್ಳುವವರಿಗೆ ಏನೂ ಹೇಳೋಕಾಗಲ್ಲ, ಆದರೆ ಮಲ್ಪೆ, ಗಂಗೊಳ್ಳಿ ಕಡೆಯಿಂದ ಬಂದವರಿಗೆ ಗೇಟಿನ ಹತ್ತಿರ ಬಂದ ಕೂಡಲೇ ಊರು ಮೂಗಿಗೆ ಬಡಿಯುತ್ತದೆ. ಬಾಗ್ದಾದಿ ಯಹೂದಿಗಳಾದ ಸಸೂನ್ ಕುಟುಂಬದವರು ಕಟ್ಟಿಸಿದ್ದು, 1875ರಲ್ಲಿ ತೆರೆದದ್ದು. ಹತ್ತಿ ಸಾಗಿಸೋಕೆ ಅಂತ ಕಟ್ಟಿದ ಧಕ್ಕೆ ಈಗ ಪೂರ್ತಿ ಮೀನಿನದ್ದು. ಬೆಳಿಗ್ಗೆ ಹರಾಜು ಕೂಗುವ ಗಲಾಟೆ, ಐಸ್ ಪುಡಿ ಮಾಡುವ ಮಿಷನ್, ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಓಡುವವರು 'ಬಾಜೂ, ಬಾಜೂ' ಅಂತ ಕೂಗುತ್ತಾ ಬಂದರೆ ನೀವು ಪಕ್ಕಕ್ಕೆ ಸರಿಯಲೇಬೇಕು, ಅಲ್ಲಿ ನಿಮ್ಮ ಕಲೆ ಗಿಲೆ ಯಾರಿಗೂ ಬೇಕಾಗಿಲ್ಲ.

ಇಲ್ಲಿ ಚಿತ್ರಗಳು ಬಂದದ್ದು 2017ರಲ್ಲಿ. ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಅಂತ 2014ರಲ್ಲಿ ಶುರುವಾದ ಸಂಸ್ಥೆ, ದೆಹಲಿಯ ಲೋಧಿ ಕಾಲೊನಿಯ ಗೋಡೆಗಳನ್ನು ಬಣ್ಣ ಮಾಡಿಸಿ ಹೆಸರಾದದ್ದು, ಅದೇ ಇಲ್ಲಿ 'ಸಸೂನ್ ಡಾಕ್ ಆರ್ಟ್ ಪ್ರಾಜೆಕ್ಟ್' ಮಾಡಿತು. ನಾನು ಆಗಲೂ ಹೋಗಿ ನೋಡಿದ್ದೆ. ಜೆಆರ್ ಅನ್ನೋ ಫ್ರೆಂಚ್ ಕಲಾವಿದನ ಯೋಜನೆಯ ಪ್ರಕಾರ ಧಕ್ಕೆಯಲ್ಲಿ ದುಡಿಯುವವರ ಮುಖದ ಕಪ್ಪು ಬಿಳುಪು ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದರು. ಅವು ಕಾಗದ, ಹೋದವು. ಬಣ್ಣದಲ್ಲಿ ಬರೆದವು ಕೆಲವು ಇನ್ನೂ ಇವೆ, ಉಪ್ಪುಗಾಳಿಗೆ ಸಿಪ್ಪೆ ಏಳುತ್ತಿವೆ. ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಹನೀಫ್ ಕುರೇಶಿ ಅಲ್ಲಿ ವಾಸನೆಯನ್ನೇ ವಿಷಯ ಮಾಡಿಕೊಂಡು ಒಂದು ಕೆಲಸ ಮಾಡಿದ್ದರು. ಅವರು 2024ರಲ್ಲಿ ತೀರಿಕೊಂಡರು. ಕೈಯಲ್ಲಿ ಬೋರ್ಡ್ ಬರೆಯುವ ಪೇಂಟರ್‌ಗಳ ಅಕ್ಷರಗಳನ್ನು ಉಳಿಸಬೇಕು ಅಂತ ಓಡಾಡಿದ ಮನುಷ್ಯ. ಗೈಡ್ ಈ ವಿಷಯ ಹೇಳುವಾಗ ಒಂದು ನಿಮಿಷ ಹೆಚ್ಚೇ ತೆಗೆದುಕೊಂಡಳು, ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಆದರೆ ಆ ವರ್ಷ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಗೋಡೆಚಿತ್ರ ಅಲ್ಲ, ಒಂದು ಕೋಣೆ. ಸಿಂಗಪುರದ ತಾನ್ ಜಿ ಶಿ ಅನ್ನೋ ಕಲಾವಿದೆಯ 'ಪ್ಲಾಸ್ಟಿಕ್ ಓಷನ್'. ಬಾಟಲಿ, ಕವರು, ಡಬ್ಬಿ, ಮುಚ್ಚಳ, ಎಲ್ಲ ಕಸವನ್ನು ತೊಳೆದು ದಾರಕ್ಕೆ ಕಟ್ಟಿ ಮೇಲಿನಿಂದ ಇಳಿಬಿಟ್ಟಿದ್ದರು. ಒಳಗೆ ಹೋಗಿ ನಿಂತರೆ ನೀವು ನೀರಿನ ಅಡಿಯಲ್ಲಿದ್ದೀರಿ, ತಲೆ ಮೇಲೆ ಕಸ ತೇಲುತ್ತಿದೆ, ಬೆಳಕು ಅದರ ಸಂದಿಯಿಂದ ಸೋರಿ ಬರುತ್ತಿದೆ. ನೋಡೋಕೆ ಚೆಂದವಾಗಿತ್ತು, ಅದೇ ಹೆದರಿಕೆ. ಹೊರಗೆ ಬಂದು ಧಕ್ಕೆಯ ನೀರು ನೋಡಿದರೆ ಅದೇ ಕವರುಗಳು ನಿಜವಾಗಿ ತೇಲುತ್ತಿದ್ದವು. ಗೈಡ್ ಫೋನಿನಲ್ಲಿ ಅದರ ಫೋಟೋ ತೋರಿಸಿದಳು. ಫೋಟೋದಲ್ಲಿ ಏನೂ ಗೊತ್ತಾಗಲ್ಲ ಬಿಡಿ. 2022-23ರ ಚಳಿಗಾಲದಲ್ಲಿ ಮುಂಬೈ ಅರ್ಬನ್ ಆರ್ಟ್ ಫೆಸ್ಟಿವಲ್ ಅಂತ ಮತ್ತೆ ಇದೇ ಜಾಗದಲ್ಲಿ ದೊಡ್ಡದಾಗಿ ಮಾಡಿದರು, ಕಡಲು ಮತ್ತು ನಗರ ಅನ್ನೋದೇ ಆಗ ವಿಷಯ.

ಡಾಕ್‌ನಲ್ಲಿ ಕೋಳಿ ಅನ್ನೋ ಮೀನುಗಾರ ಸಮುದಾಯದ ಹೆಂಗಸರು ಸಾಲಾಗಿ ಕೂತು ಸಿಗಡಿ ಸುಲಿಯುತ್ತಾರೆ. ಸುಲಿದ ತೂಕಕ್ಕೆ ದುಡ್ಡು, ಹಾಗಾಗಿ ಅವರ ಕೈ ನಿಲ್ಲೋದೇ ಇಲ್ಲ. ತಲೆ ಚಿವುಟಿ, ಬೆನ್ನಿನ ಮೇಲೆ ಹೆಬ್ಬೆರಳಲ್ಲಿ ಒಂದೇ ಎಳೆತ, ಸಿಪ್ಪೆ ಒಂದು ಕಡೆ, ಮಾಂಸ ಒಂದು ಕಡೆ. ನಮ್ಮ ಗುಂಪಿನಲ್ಲಿದ್ದ ಪುಣೆಯ ಕಾಲೇಜು ಹುಡುಗನೊಬ್ಬ ಒಬ್ಬಾಕೆಗೆ ಹಿಂದಿನ ಗೋಡೆಚಿತ್ರ ತೋರಿಸಿ 'ಮಾವಶಿ, ಈ ಚಿತ್ರ ನಿಮಗೆ ಏನನ್ನಿಸುತ್ತೆ' ಅಂತ ಮರಾಠಿಯಲ್ಲಿ ಕೇಳಿದ, ಮಾವಶಿ ಅಂದರೆ ಚಿಕ್ಕಮ್ಮ. ಆಕೆ ತಲೆ ಎತ್ತದೆ 'ನಿಂತು ಮಾತಾಡೋಕೆ ಟೈಮಿಲ್ಲ, ಮಾತಾಡಬೇಕಿದ್ರೆ ಕೂತ್ಕೊಂಡು ಸುಲಿ' ಅಂದರು. ಹುಡುಗ ಕೂತೇಬಿಟ್ಟ! ಎರಡನೇ ಸಿಗಡಿಗೇ ಅದರ ಮೂತಿಯ ಗರಗಸ ಬೆರಳಿಗೆ ಚುಚ್ಚಿತು. ಸುತ್ತ ಕೂತವರೆಲ್ಲ ಹೋ ಅಂತ ನಕ್ಕರು, ಮಾವಶಿ ಅವನ ಕೈ ಹಿಡಿದು ಎಲ್ಲಿ ಒತ್ತಬೇಕು ಅಂತ ತೋರಿಸಿಕೊಟ್ಟರು, ಆಮೇಲೆ ಮಾತಿಗೆ ಮಾತು ಸೇರಿ ಮೀನು ಎಷ್ಟು ದೂರ ಹೋಗಿದೆ, ಬಲೆಯಲ್ಲಿ ಕಸ ಎಷ್ಟು ಬರುತ್ತೆ, ಕಸ ಬಿಡಿಸೋಕೆ ಆಗುವ ಹೊತ್ತಿಗೆ ಕೂಲಿ ಯಾರೂ ಕೊಡಲ್ಲ, ಎಲ್ಲಾ ಬಂತು. ಚಿತ್ರದ ಬಗ್ಗೆ ಮಾತ್ರ ಒಂದು ಮಾತೂ ಬರಲಿಲ್ಲ. ಇದು ನಡಿಗೆಯ ಪಟ್ಟಿಯಲ್ಲಿ ಇದ್ದದ್ದಲ್ಲ, ತಾನಾಗಿ ಆದದ್ದು. ಆದರೆ ಗೈಡ್ ಗಡಿಯಾರ ನೋಡಿ ಎಬ್ಬಿಸಲಿಲ್ಲ, ಅದಕ್ಕೆ ಆಕೆಗೆ ಅರ್ಧ ಅಂಕ ಹೆಚ್ಚು. ಒಂದು ಸೂಚನೆ: ಅಲ್ಲಿ ಕೇಳದೆ ಫೋಟೋ ತೆಗೆಯಬೇಡಿ, ಕ್ಯಾಮೆರಾ ಒಳಗಿಟ್ಟುಕೊಳ್ಳಿ ಅಂತ ಗೈಡ್ ಮೊದಲೇ ಹೇಳುತ್ತಾಳೆ, ಕೇಳಿ.

ಈಗ ಸಿಟ್ಟಿನ ವಿಷಯ. ಡಾಕ್‌ನಿಂದ ಹೊರಗೆ ಬಂದು ಬಸ್ಸಿಗೆ ಕಾಯುವಾಗ ತಂಡದ ಇನ್ನೊಬ್ಬ ಹುಡುಗ ಎಲ್ಲರಿಗೂ ಒಂದೊಂದು ನೀರಿನ ಬಾಟಲಿ ಹಂಚಿದ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ! ಹತ್ತು ನಿಮಿಷ ಮುಂಚೆ ಪ್ಲಾಸ್ಟಿಕ್ ಕಡಲಿನ ಕಥೆ ಕೇಳಿ ತಲೆ ಆಡಿಸಿದ್ದೆವು. ನಾನು ಕೇಳಿದೆ, ಇದೇನಪ್ಪಾ ಅಂತ. ಟಿಕೆಟಿನಲ್ಲಿ ನೀರು ಸೇರಿದೆ ಸರ್ ಅಂದ. ಮನೆಯಿಂದ ಬಾಟಲಿ ತನ್ನಿ, ದಾರಿಯಲ್ಲಿ ತುಂಬಿಸಿಕೊಡುತ್ತೇವೆ ಅಂತ ಒಂದು ಮೆಸೇಜ್ ಹಾಕಿದರೆ ಮುಗಿಯಿತು, ಅಲ್ವಾ? ಖರ್ಚೂ ಉಳಿಯುತ್ತೆ. ಅರ್ಧ ಅಂಕ ಇಲ್ಲೇ ಕಟ್.

ಅದೇ ಸಿಟ್ಟಲ್ಲಿ ಗೈಡ್‌ಗೆ ಇನ್ನೊಂದು ಕೇಳಿದೆ. ಗೋಡೆಗೆ ಬಳಿಯುವ ಅಕ್ರಿಲಿಕ್ ಬಣ್ಣವೂ ಒಂಥರಾ ಪ್ಲಾಸ್ಟಿಕ್ಕೇ ತಾನೇ, ಸಿಪ್ಪೆ ಎದ್ದು ಉದುರಿದರೆ ಅದು ಹೋಗುವುದು ಇದೇ ನೀರಿಗೆ ತಾನೇ ಅಂತ. ಆಕೆ ನುಣುಚಿಕೊಳ್ಳಲಿಲ್ಲ. ಹೌದು ಅಂದಳು. ಬಣ್ಣ ಬಳಿಯುವವರಲ್ಲಿ ಕೆಲವರಿಗೆ ಇದು ತಲೆನೋವಿನ ವಿಷಯವೇ ಅಂದಳು. ಆಮೇಲೆ ಏರ್ ಇಂಕ್ ಬಗ್ಗೆ ಹೇಳಿದಳು. ಇದು ನಮ್ಮ ಬೆಂಗಳೂರಿನದೇ ಕಂಪನಿ, ಗ್ರಾವಿಕಿ ಲ್ಯಾಬ್ಸ್, ಅನಿರುದ್ಧ ಶರ್ಮಾ ಶುರು ಮಾಡಿದ್ದು. ಗಾಡಿಯ ಹೊಗೆಕೊಳವೆಗೆ ಒಂದು ಡಬ್ಬಿ ಸಿಕ್ಕಿಸಿ ಮಸಿ ಹಿಡಿದು, ಅದರಲ್ಲಿನ ವಿಷದ ಲೋಹ ತೆಗೆದು, ಕಪ್ಪು ಇಂಕು ಮಾಡಿದರು. ಕಾರೊಂದು ಮುಕ್ಕಾಲು ಗಂಟೆ ಉಗುಳಿದ ಹೊಗೆಯಿಂದ ಸುಮಾರು 30 ಮಿಲಿಲೀಟರ್ ಇಂಕು ಅಂತ ಅವರದೇ ಲೆಕ್ಕ. 2016ರಲ್ಲಿ ಹಾಂಗ್‌ಕಾಂಗ್‌ನ ಬೀದಿ ಕಲಾವಿದರು ಅದರಲ್ಲೇ ಗೋಡೆಗಳಿಗೆ ಬರೆದರು. ಹೊಗೆಯಿಂದಲೇ ಹೊಗೆಯನ್ನು ಬೈಯುವುದು, ಐಡಿಯಾ ಚೆನ್ನಾಗಿದೆ. ಇಂಥ ಒಂದು ಗೋಡೆ ಈ ನಡಿಗೆಯಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇಲ್ಲ.

ಚರ್ಚ್‌ಗೇಟ್‌ನಲ್ಲಿ ಜಾಸ್ತಿ ಹೊತ್ತಿಲ್ಲ. ಸ್ಟೇಷನ್ ಕಟ್ಟಡದ ಮೇಲಿನ ಗಾಂಧೀಜಿ ಚಿತ್ರ, ಬ್ರೆಜಿಲ್‌ನ ಎಡುವಾರ್ಡೊ ಕೋಬ್ರಾ ಬರೆದದ್ದು. ಬಣ್ಣಬಣ್ಣದ ಚೌಕಗಳಲ್ಲಿ ಕಟ್ಟಿದ ಮುಖ. ದಿನಾ ಅದರ ಕೆಳಗೆ ಓಡುವವರಲ್ಲಿ ಎಷ್ಟು ಜನ ತಲೆ ಎತ್ತಿ ನೋಡಿದ್ದಾರೋ ಏನೋ. ಚೆನ್ನಾಗಿದೆ, ಆದರೆ ಇದರಲ್ಲಿ ಪ್ರತಿಭಟನೆ ಎಲ್ಲಿದೆ? ರೈಲ್ವೆಯ ಕಟ್ಟಡ, ರೈಲ್ವೆಯ ಅನುಮತಿ, ಯಾರಿಗೂ ಆಕ್ಷೇಪವಿಲ್ಲದ ಗಾಂಧೀಜಿ.

ಇಲ್ಲಿ ಒಂದು ತಮಾಷೆ ನಡೆಯಿತು. ಗುಂಪಿನಲ್ಲಿದ್ದ ಚೆಂಬೂರಿನ ನಮ್ಮ ಕನ್ನಡದ ಹಿರಿಯರೊಬ್ಬರು, ರಾಯರು ಅನ್ನೋಣ, ರಿಟೈರ್ಡ್ ಬ್ಯಾಂಕಿನವರು, 'ಲೋಕಲ್ ಯಾಕಮ್ಮ, ಮೆಟ್ರೋದಲ್ಲೇ ಹೋಗೋಣ, ತಣ್ಣಗಿರುತ್ತೆ' ಅಂದರು. ಗೈಡ್ ಮುಖ ಒಂಥರಾ ಆಯಿತು. ಯಾಕಂದರೆ ಅವಳು ಮುಂದೆ ಹೇಳಬೇಕಿದ್ದ ಕಥೆಯೇ ಮುಂಬೈ ನಗರದೊಳಗಿನ ಕಾಡು ಆರೆಯದ್ದು. ಮೆಟ್ರೋ 3ರ ರೈಲು ನಿಲ್ಲಿಸುವ ಕಾರ್ ಶೆಡ್‌ಗಾಗಿ 2019ರ ಅಕ್ಟೋಬರ್ 4ರ ರಾತ್ರಿ, ಹೈಕೋರ್ಟು ಅರ್ಜಿ ವಜಾ ಮಾಡಿದ ಕೆಲವೇ ಗಂಟೆಗಳಲ್ಲಿ, ಆರೆ ಕಾಲೊನಿಯಲ್ಲಿ ಮರ ಕಡಿಯೋಕೆ ಶುರು ಮಾಡಿದರು. ಸುಪ್ರೀಂ ಕೋರ್ಟು 7ನೇ ತಾರೀಕು ತಡೆಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರ ನೆಲಕ್ಕೆ ಬಿದ್ದಿದ್ದವು. ತಡೆಯೋಕೆ ಹೋದ 29 ಜನರನ್ನು ಅರೆಸ್ಟ್ ಮಾಡಿದರು. ಶೆಡ್ಡು 2020ರಲ್ಲಿ ಕಾಂಜೂರ್‌ಮಾರ್ಗ್‌ಗೆ ಅಂದರು, ಸರ್ಕಾರ ಬದಲಾದ ಮೇಲೆ 2022ರಲ್ಲಿ ಮತ್ತೆ ಆರೆಗೇ ಅಂದರು. 2025ರ ಅಕ್ಟೋಬರ್‌ನಿಂದ ಲೈನು ಪೂರ್ತಿ ಓಡುತ್ತಿದೆ. ನಾನೂ ಅದರಲ್ಲೇ ಆಫೀಸಿಗೆ ಹೋಗುತ್ತೇನೆ, ಸುಳ್ಳು ಯಾಕೆ. ರಾತ್ರೋರಾತ್ರಿ ಮರ ಕಡಿದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ, ರೈಲು ತಣ್ಣಗಿದೆ ಅನ್ನೋದೂ ನಿಜ. ಕೊನೆಗೆ ಲೋಕಲ್‌ನಲ್ಲೇ ಹೋದೆವು. ಭಾನುವಾರವಾದ್ದರಿಂದ ಎಲ್ಲರಿಗೂ ಸೀಟು ಸಿಕ್ಕಿತು, ರಾಯರ ಗೊಣಗಾಟವೂ ನಿಂತಿತು.

ರೈಲಿನಲ್ಲಿ ಕೂತು ಆಕೆ ಆರೆಯ ವಾರ್ಲಿ ಜನರ ಬಗ್ಗೆ ಹೇಳಿದಳು. ಆರೆ ಕಾಡಿನೊಳಗೆ ಆದಿವಾಸಿ ಪಾಡಾಗಳಿವೆ, ಅಂದರೆ ಹಾಡಿಗಳು, ಮೆಟ್ರೋಗಿಂತ ಎಷ್ಟೋ ಮುಂಚಿನವು. ವಾರ್ಲಿ ಚಿತ್ರ ಅಂದರೆ ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಮದುವೆ ಮನೆಯಲ್ಲಿ ಮುತ್ತೈದೆಯರು ಬರೆಯುವ ಚೌಕ. ಇದನ್ನು ಕಾಗದಕ್ಕೆ ತಂದು ಜಗತ್ತಿಗೆ ತೋರಿಸಿದ ಜಿವ್ಯಾ ಸೋಮಾ ಮಾಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ನಾನು ಸುಮ್ನೆ ಇರೋಕಾಗದೆ ನಮ್ಮ ಸಾಗರ, ಸೊರಬ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದ ಬಗ್ಗೆ ಹೇಳಿದೆ. ಅದೂ ಕೆಮ್ಮಣ್ಣು ಗೋಡೆ, ಅದೂ ಅಕ್ಕಿಹಿಟ್ಟು, ಕುಂಚ ಪುಂಡಿನಾರಿನದು. ಗೈಡ್ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಮುಂದಿನ ತಂಡದವರಿಗೆ ಇದು ಸಿಗಬಹುದು, ಸಿಕ್ಕರೆ ನನ್ನ ಕಮಿಷನ್ ಬೇಡ.

ನನ್ನ ಮುಖ್ಯ ತಕರಾರು ಇಲ್ಲೇ ಇರುವುದು. ಆರೆಯ ಕಥೆ ಈ ನಡಿಗೆಯ ಅತಿ ಗಟ್ಟಿಯಾದ ಭಾಗ, ಆದರೆ ಅದನ್ನು ಕೇಳಿದ್ದು ರೈಲಿನ ಸೀಟಿನಲ್ಲಿ ಕೂತು. ನಿಜವಾಗಿ ನಿಂತು ನೋಡಿದ ಗೋಡೆಗಳು ಬಹುಪಾಲು ಯಾರದ್ದೋ ಅನುಮತಿಯಿಂದ, ಯಾರದ್ದೋ ಬಣ್ಣದಿಂದ ಆದವು. ಇದು ತಪ್ಪು ಅಂತಲ್ಲ. ಮಹಾರಾಷ್ಟ್ರದಲ್ಲಿ ಆಸ್ತಿ ವಿರೂಪ ತಡೆಯುವ ಕಾನೂನು 1995ರಿಂದ ಇದೆ. ಕೇಳದೆ ಬರೆದರೆ ಕೇಸು. ಅನುಮತಿ ಕೇಳಿದರೆ ಅದರ ಹಿಂದೆ ಷರತ್ತು. ಮಾಹಿಮ್‌ನಿಂದ ದಾದರ್ ಕಡೆಗೆ ರೈಲ್ವೆ ಗೋಡೆ ಉದ್ದಕ್ಕೂ ಹೋಗುವ ತುಳಸಿ ಪೈಪ್ ರೋಡ್ ಇದೆಯಲ್ಲ, ಸೇನಾಪತಿ ಬಾಪಟ್ ಮಾರ್ಗ, ಅಲ್ಲಿ 2009ರ ಆಗಸ್ಟ್‌ನಲ್ಲಿ ವಾಲ್ ಪ್ರಾಜೆಕ್ಟ್ ಅನ್ನೋ ಗುಂಪಿನ ಜೊತೆ ನೂರಾರು ಜನ ಬಂದು ಗೋಡೆ ತುಂಬಾ ಬರೆದರು. ಪಾಲಿಕೆಯೇ ಕರೆದದ್ದು. ರಾಜಕೀಯ ಬೇಡ, ಧರ್ಮ ಬೇಡ, ಜಾಹೀರಾತು ಬೇಡ ಅಂತ ಮೊದಲೇ ಷರತ್ತು. ಮರ ಉಳಿಸಿ, ನೀರು ಉಳಿಸಿ ಅಂತ ಬರೆಯಬಹುದು. ಮರ ಕಡಿದದ್ದು ಯಾರು ಅಂತ ಬರೆಯೋ ಹಾಗಿಲ್ಲ. ನಮ್ಮ ಗೈಡ್ ಈ ಷರತ್ತಿನ ವಿಷಯ ಹೇಳಿ ಮುಂದೆ ಹೋದಳು. ನನಗೆ ಅಲ್ಲೇ ಅರ್ಧ ಗಂಟೆ ನಿಂತು ಮಾತಾಡಬೇಕಿತ್ತು, ಯಾಕಂದರೆ ಜಾಹೀರಾತಿನಲ್ಲಿ ಬರೆದ ಪ್ರತಿಭಟನೆಯ ಪ್ರಶ್ನೆ ಪೂರ್ತಿ ಇರುವುದು ಅಲ್ಲಿಯೇ. ಹಳೆಯ ಚಿತ್ರಗಳಂತೂ ಈಗ ಹೆಚ್ಚು ಉಳಿದಿಲ್ಲ, ಒಂದರ ಮೇಲೆ ಒಂದು ಬಳಿದಿದ್ದಾರೆ.

ನಾನು ಗುಂಪಿಗೆ ನಮ್ಮ ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರ ಕಥೆ ಹೇಳಿದೆ. ಇಲ್ಲಿ ಓದುವವರಿಗೆಲ್ಲ ಗೊತ್ತು, ಆದರೂ ಹೇಳುತ್ತೇನೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಈ ಮನುಷ್ಯ ಗುಂಡಿಯ ಸುತ್ತ ಹಸಿರು ನೀಲಿ ಬಣ್ಣ ಬಳಿದು ಅದನ್ನು ಕೆರೆ ಮಾಡಿ, ನಡುವೆ ನಿಜದಂತೆ ಕಾಣುವ ಒಂದು ಮೊಸಳೆ ಕೂರಿಸಿದರು. ಪೇಪರು, ಟೀವಿ ಎಲ್ಲ ಬಂತು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2 ಇಳಿಯುವ ವಾರ, ಹೇರೋಹಳ್ಳಿ ಹತ್ತಿರದ ಗುಂಡಿ ರಸ್ತೆಯಲ್ಲಿ ಗಗನಯಾತ್ರಿ ವೇಷದವನೊಬ್ಬ ನಿಧಾನಕ್ಕೆ ಕಾಲಿಟ್ಟು ನಡೆಯುವ ವಿಡಿಯೋ ಬಂತಲ್ಲ, ಚಂದ್ರನ ಮೇಲೆ ಅಂದುಕೊಂಡು ನೋಡುತ್ತಾ ಇದ್ದರೆ ಪಕ್ಕದಲ್ಲೇ ಆಟೋ ಹೋಗುತ್ತೆ, ಅದೂ ಅವರದೇ. ಅಲ್ಲೂ ಪಾಲಿಕೆಯವರು ಓಡಿ ಬಂದು ರಸ್ತೆ ರಿಪೇರಿ ಮಾಡಿದರು. ಚಿತ್ರ ಯಾರಿಗೆ ಹೇಳುತ್ತಿದೆ ಅನ್ನೋದು ಅಲ್ಲಿ ಸ್ಪಷ್ಟ. ಆ ವಾರ್ಡಿನ ಎಂಜಿನಿಯರ್‌ಗೆ. ಆ ಗುಂಡಿಗೆ. ಐದು ಮಹಡಿ ಎತ್ತರದ ಗೋಡೆಯಲ್ಲಿ ಸುಂದರವಾದ ಹಕ್ಕಿ ಬರೆದು ಕೆಳಗೆ 'ಪರಿಸರ' ಅಂದರೆ ಯಾವ ಎಂಜಿನಿಯರ್ ಓಡಿ ಬರುತ್ತಾನೆ ಹೇಳಿ? ರಾಯರು ಚಪ್ಪಾಳೆ ತಟ್ಟಿದರು. ಪುಣೆಯ ಹುಡುಗ ಮೊಸಳೆ ಫೋಟೋ ಹುಡುಕಿ ಎಲ್ಲರಿಗೂ ತೋರಿಸಿದ.

ಮಾಹಿಮ್ ಈಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ದೊಡ್ಡ ಕಟ್ಟಡಗಳ ಬೋಳು ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ, ಸ್ಟಾರ್ಟ್‌ನವರೂ ಏಷ್ಯನ್ ಪೇಂಟ್ಸ್‌ನವರೂ ಸೇರಿ ಮಾಡಿಸಿದ ಆರ್ಟ್ ಡಿಸ್ಟ್ರಿಕ್ಟ್. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಸಾಕು, ಗೈಡ್ ಇಲ್ಲದೆಯೂ ನೋಡಬಹುದು. ಅಲ್ಲಿ ಇರುವವರಿಗೆ ಬೀದಿ ಚೊಕ್ಕಟವಾಗಿ ಕಾಣುತ್ತೆ ಅನ್ನೋ ಖುಷಿ ಇದೆ, ಅದು ಸಣ್ಣ ವಿಷಯ ಅಲ್ಲ. ಒಂದು ಟೀ ಅಂಗಡಿಯವನು ವಿಳಾಸ ಹೇಳುವಾಗ ಈಗ ಚಿತ್ರದ ಹೆಸರಲ್ಲೇ ಹೇಳುತ್ತಾನಂತೆ. ಆದರೆ ಬಣ್ಣದ ಕಂಪನಿಯ ಬಣ್ಣದಲ್ಲಿ ಆದ ಗೋಡೆಯನ್ನು ಬೀದಿ ಚೆಂದ ಮಾಡುವ ಕೆಲಸ ಅನ್ನಿ, ಒಪ್ಪುತ್ತೇನೆ, ಬಂಡಾಯ ಅನ್ನಬೇಡಿ. ಜಾಹೀರಾತು ಬರೆದವರು ಈ ಒಂದು ವ್ಯತ್ಯಾಸ ಇಟ್ಟುಕೊಂಡಿದ್ದರೆ ನನ್ನ ಅರ್ಧ ದೂರು ಇರುತ್ತಿರಲಿಲ್ಲ.

ಬಾಂದ್ರಾ ಮತ್ತೆ ಚೇತರಿಸಿತು. ರೆಕ್ಲಮೇಶನ್ ಕಡೆಯ ಟೆಲಿಫೋನ್ ಕಂಪನಿ ಎಂಟಿಎನ್‌ಎಲ್ ಕಟ್ಟಡದ ಮೇಲೆ ರಂಜೀತ್ ದಹಿಯಾ 2014ರಲ್ಲಿ ಬರೆದ ದಾದಾಸಾಹೇಬ್ ಫಾಲ್ಕೆ, ಹೈವೇಯಿಂದಲೇ ಕಾಣುವಷ್ಟು ದೊಡ್ಡದು. ಅವರೇ ಚಾಪೆಲ್ ರೋಡಿನಲ್ಲಿ ಬರೆದ ಅನಾರ್ಕಲಿ. ಇವೂ ಪ್ರತಿಭಟನೆ ಅಲ್ಲ, ಸಿನಿಮಾ ಪ್ರೀತಿ. ಸಿನಿಮಾ ಪೋಸ್ಟರ್ ಕೈಯಲ್ಲಿ ಬರೆಯುತ್ತಿದ್ದ ಕಸುಬು ಫ್ಲೆಕ್ಸ್ ಬಂದ ಮೇಲೆ ಸತ್ತುಹೋಯಿತು, ಆ ಕಸುಬನ್ನು ಗೋಡೆ ಮೇಲೆ ಇಟ್ಟಿದ್ದಾರೆ ಅನ್ನೋ ಲೆಕ್ಕದಲ್ಲಿ ನೋಡಿದರೆ ಇದೂ ಒಂಥರಾ ತಕರಾರೇ.

ಬಾಂದ್ರಾದಲ್ಲಿ ನಿಜವಾಗಿ ನೋಡಬೇಕಾದದ್ದು ಕೆಳಗೆ, ಕಣ್ಣಿನ ಮಟ್ಟದಲ್ಲಿ. ಜಂಕ್ಷನ್ ಬಾಕ್ಸ್, ಶಟರ್, ಮುರಿದ ಕಾಂಪೌಂಡ್, ಅಲ್ಲೆಲ್ಲ ಕೊರೆದ ಹಾಳೆ ಇಟ್ಟು ಸ್ಪ್ರೇ ಹೊಡೆದ ಸಣ್ಣ ಚಿತ್ರಗಳು, ಅಂಟಿಸಿದ ಸ್ಟಿಕ್ಕರ್‌ಗಳು. ಟೈಲರ್ ಅನ್ನೋ ಹೆಸರಿಟ್ಟುಕೊಂಡು ಮುಖ ತೋರಿಸದೆ ಕೆಲಸ ಮಾಡುವ ಮುಂಬೈ ಕಲಾವಿದನ ಬಗ್ಗೆ ಗೈಡ್ ಹೇಳಿದ್ದು ಇಲ್ಲಿ. ಅಧಿಕಾರದಲ್ಲಿರುವವರನ್ನು ನೇರವಾಗಿ ಕೆಣಕುವ ಚಿತ್ರಗಳು ಇಂಥವರದ್ದೇ. ಇಂಥವು ಬೇಗ ಹೋಗಿಬಿಡುತ್ತವೆ. ಒಂದು ಕಡೆ ಬಿಳಿ ಸುಣ್ಣದ ದೊಡ್ಡ ಚೌಕ ಮಾತ್ರ ಉಳಿದಿತ್ತು. ಕೆಳಗಿನ ಮೂಲೆಯಲ್ಲಿ ಒಂದು ಬೂಟು ಕಾಣುತ್ತಿತ್ತು, ಸುಣ್ಣ ಬಳಿದವನಿಗೆ ಬಗ್ಗೋಕೆ ಬೇಜಾರಾಗಿರಬೇಕು. ಆ ಬೂಟು ಯಾರದ್ದು ಅಂತ ಗುಂಪಿನಲ್ಲಿ ಐದು ನಿಮಿಷ ಚರ್ಚೆ ಆಯಿತು. ಪೊಲೀಸನದು, ಮಂತ್ರಿಯದು, ಬಿಲ್ಡರ್‌ನದು, ಒಬ್ಬೊಬ್ಬರದು ಒಂದೊಂದು. ಇಡೀ ನಡಿಗೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಗೋಡೆ ಇದೇ, ಹಾಸ್ಯಕ್ಕೆ ಹೇಳುತ್ತಿಲ್ಲ.

ಅಲ್ಲಿ ಗೈಡ್ ಎರಡು ಒಳ್ಳೆಯ ಉದಾಹರಣೆ ಕೊಟ್ಟಳು. ಒಂದು ಮುಖ ತೋರಿಸದ ಬ್ರಿಟಿಷ್ ಬೀದಿ ಕಲಾವಿದ ಬ್ಯಾಂಕ್ಸಿಯದು. 2009ರ ಡಿಸೆಂಬರ್‌ನಲ್ಲಿ, ಕೋಪನ್‌ಹೇಗನ್ ಹವಾಮಾನ ಸಮ್ಮೇಳನ ಮುಗಿದ ಹೊತ್ತಿಗೆ, ಲಂಡನ್ನಿನ ಕ್ಯಾಮ್ಡೆನ್ ಕಡೆಯ ಕಾಲುವೆ ಗೋಡೆಯಲ್ಲಿ 'ಭೂಮಿ ಬಿಸಿಯಾಗುತ್ತಿದೆ ಅನ್ನೋದನ್ನು ನಾನು ನಂಬಲ್ಲ' ಅನ್ನೋ ಅರ್ಥದ ಸಾಲು, ಅದರ ಕೆಳಗಿನ ಅಕ್ಷರಗಳು ಅರ್ಧ ನೀರಿನಲ್ಲಿ ಮುಳುಗಿದ್ದವು. ಅಷ್ಟೇ. ಇನ್ನೊಂದು ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಬ್ಲೂ ಅನ್ನೋ ಇಟಲಿ ಕಲಾವಿದ ಬರೆದ ಎರಡು ಭಾರಿ ಗೋಡೆಚಿತ್ರಗಳದ್ದು. ಅವುಗಳ ಮುಂದಿನ ಖಾಲಿ ಜಾಗದಲ್ಲಿ ದುಬಾರಿ ಫ್ಲಾಟುಗಳು ಬರುತ್ತವೆ, ಚಿತ್ರ ತೋರಿಸಿಯೇ ಮನೆ ಮಾರುತ್ತಾರೆ ಅಂತಾದಾಗ 2014ರ ಡಿಸೆಂಬರ್‌ನಲ್ಲಿ ಅವನ ಒಪ್ಪಿಗೆಯಿಂದಲೇ ಅವಕ್ಕೆ ಕಪ್ಪು ಬಳಿದುಬಿಟ್ಟರು. ಇದನ್ನು ಕೇಳಿದ್ದು ಬಾಂದ್ರಾದ ರಣ್ವಾರ್ ಓಣಿಯಲ್ಲಿ ನಿಂತು. 'ಈಸ್ಟ್ ಇಂಡಿಯನ್' ಅಂತ ಕರೆಸಿಕೊಳ್ಳುವ ಮುಂಬೈಯ ಹಳೇ ಕ್ರಿಶ್ಚಿಯನ್ನರ ಮರದ ಮೆಟ್ಟಿಲಿನ ಮನೆಗಳು, ನಡುನಡುವೆ ಕೆಫೆ, ಬಟ್ಟೆ ಅಂಗಡಿ, ಅವಕ್ಕೆಲ್ಲ ಬಾಗಿಲಲ್ಲೇ ಒಂದೊಂದು ಗೋಡೆಚಿತ್ರ. ಬಾಡಿಗೆ ಎಷ್ಟಾಗಿದೆ ಅಂತ ರಾಯರು ಒಬ್ಬರನ್ನು ಕೇಳಿ, ಉತ್ತರ ಕೇಳಿ, ಸುಮ್ಮನಾದರು.

ಓಣಿಯಲ್ಲಿ ನಮ್ಮ ಗುಂಪು ಸಮಸ್ಯೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ. ಇಷ್ಟು ಜನ ಸಣ್ಣ ಓಣಿಯಲ್ಲಿ ನಿಂತರೆ ಸ್ಕೂಟರೂ ಹೋಗಲ್ಲ. ಒಬ್ಬ ಅಜ್ಜಿ ಮೇಲಿನ ಕಿಟಕಿಯಿಂದ 'ಪ್ರತಿ ಭಾನುವಾರ ಇದೇ ಗೋಳು' ಅಂತ ಬೈದರು, ಅವರ ಮಾತು ನ್ಯಾಯವೇ. ಹನ್ನೆರಡು ಜನಕ್ಕೆ ನಿಲ್ಲಿಸಿ, ಬೇಕಿದ್ದರೆ ಇನ್ನೂರು ರೂಪಾಯಿ ಜಾಸ್ತಿ ತಗೊಳ್ಳಿ ಅಂತ ತಂಡದವರಿಗೆ ಹೇಳಿ ಬಂದಿದ್ದೇನೆ. ಅಂಕ ಕಡಿಮೆಯಾಗಲು ಎರಡನೇ ಕಾರಣ ಇದು. ಮೂರನೆಯದು ಟಾಯ್ಲೆಟ್. ಡಾಕ್‌ನಿಂದ ಮಾಹಿಮ್‌ವರೆಗೆ ಎಲ್ಲಿ ಅಂತ ಯಾರೂ ಹೇಳಲ್ಲ, ಹೆಂಗಸರು ಪರದಾಡಿದರು. ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಹತ್ತು ನಿಮಿಷ ಬಿಡಬೇಕು, ಅಷ್ಟೂ ಯೋಚನೆ ಮಾಡಿಲ್ಲ ಅಂದರೆ ಹೇಗೆ?

ಇನ್ನೊಂದು ಸಲಹೆ, ತಂಡದವರು ಓದಿದರೆ ಓದಲಿ. ಮೀನುಗಾರರ ಕೇರಿ ವರ್ಲಿ ಕೋಳಿವಾಡಾ ಸೇರಿಸಿ. ಕೋಸ್ಟಲ್ ರೋಡಿನ ಸೇತುವೆ ಕಂಬಗಳ ನಡುವೆ 60 ಮೀಟರ್ ಜಾಗ ಬಿಟ್ಟರೆ ಅಲೆ ಎದ್ದಾಗ ದೋಣಿ ಕಂಬಕ್ಕೆ ಬಡಿಯುತ್ತೆ ಅಂತ ಅಲ್ಲಿನ ಮೀನುಗಾರರು ವರ್ಷಗಟ್ಟಲೆ ಹೇಳಿದರು, ದೋಣಿಗಳನ್ನೇ ಕಾಮಗಾರಿಗೆ ಅಡ್ಡ ತಂದು ನಿಲ್ಲಿಸಿದರು. ಕೊನೆಗೆ ಪಾಲಿಕೆ 120 ಮೀಟರ್‌ಗೆ ಒಪ್ಪಿತು. ಅವರು ಕೇಳಿದ್ದು ಇನ್ನೂ ಜಾಸ್ತಿ. ನಮ್ಮ ಮೊಗವೀರರ ಮನೆಗಳಲ್ಲಿ ಈ ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಳಿವೆ ಬಾಯಲ್ಲಿ ದೋಣಿ ಒಳಗೆ ತರುವ ಕಷ್ಟ ಗೊತ್ತಿದ್ದವರು. ಪೇಂಟಿನ ಡಬ್ಬ ಇಲ್ಲದೆ ಆದ ಪ್ರತಿಭಟನೆ ಅದು. ದೊಡ್ಡ ಗೋಡೆಚಿತ್ರದ ಪಕ್ಕ ಅದನ್ನೂ ತೋರಿಸಿದರೆ ನೋಡುವವರಿಗೆ ಹೋಲಿಸಿ ನೋಡೋಕಾದರೂ ಆಗುತ್ತೆ.

ಹೋಗುವವರಿಗೆ: ಹಳೇ ಚಪ್ಪಲಿ ಹಾಕಿಕೊಳ್ಳಿ, ಡಾಕ್‌ನಲ್ಲಿ ನೆಲ ಪೂರ್ತಿ ನೀರು, ಹೊಸ ಶೂಗೆ ವಾಸನೆ ಹಿಡಿದರೆ ವಾರಗಟ್ಟಲೆ ಬಿಡಲ್ಲ. ಮಳೆಗಾಲದಲ್ಲಿ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೀದಿಚಿತ್ರ ಮೊದಲ ಸಲ ನೋಡುವವರಿಗೆ ಇದು ಚೆನ್ನಾಗಿದೆ, ಈಗಾಗಲೇ ಓದಿಕೊಂಡವರು ಬರೀ ಡಾಕ್ ಮತ್ತೆ ಬಾಂದ್ರಾದ ಓಣಿ ತಾವೇ ಸುತ್ತಿದರೆ ಸಾಕು. ಗೈಡ್ ಯಾರು ಅಂತ ಬುಕ್ ಮಾಡುವಾಗಲೇ ಕೇಳಿ, ಆರ್ಟ್ ಸ್ಕೂಲಿನ ಆ ಹುಡುಗಿಯೇ ಬೇಕು ಅನ್ನಿ. ಕೊನೆಗೆ ತಂಡದವರು ಬಾಂದ್ರಾದ ಕೆಫೆಯೊಂದಕ್ಕೆ ಕರೆದುಕೊಂಡು ಹೋಗುತ್ತಾರೆ, ಒಂದು ಕಾಫಿಗೆ ಅಲ್ಲಿ ಕೊಡುವ ದುಡ್ಡಿಗೆ ಹತ್ತಿರ ಹತ್ತಿರ ಒಂದು ಊಟ ಬರುತ್ತೆ. ರಾಯರೂ ನಾನೂ ಪುಣೆಯ ಹುಡುಗನನ್ನೂ ಎಳೆದುಕೊಂಡು ಲೋಕಲ್ ಹತ್ತಿ ಮಾಟುಂಗಾ ರೋಡಿನಲ್ಲಿ ಇಳಿದು, ಜಡ್ ಬ್ರಿಡ್ಜ್ ದಾಟಿ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋದೆವು. 1942ರಿಂದ ನಡೆಯುತ್ತಿರುವ ಜಾಗ, ಬಾಳೆಲೆ ಊಟ. ಭಾನುವಾರ ಸಾಲು ಇರುತ್ತೆ, ಹೊತ್ತು ಮಾಡದೆ ಹೋಗಿ.